ಎಡಕ್ಕೆ ಎಳೆಯುವ ಕಾರು

ಪ್ರೀತಿಯ ಅಳಿಯಂದಿರಿಗೆ,

ಈ ಕಾಗದ ತಂದವರು ನಮ್ಮ ಬೀದಿಯ ಟ್ಯಾಕ್ಸಿಯಮ್ಮ. ಅಂಗಡಿಯಲ್ಲಿ ಗಿರಾಕಿಗಳಿದ್ದರೂ ದಯವಿಟ್ಟು ಈಗಲೇ ಓದಿ. ಮಧ್ಯಾಹ್ನ ನೀವು ಮನೆಗೆ ಹೋದಾಗ ಬಾಗಿಲ ಮುಂದೆ ಕಾರು ಇರುವುದಿಲ್ಲ. ಕಳ್ಳತನವಾಯಿತೆಂದು ಗಾಬರಿಪಡಬೇಡಿ. ಕಳ್ಳತನವಾಗಿರುವುದೇನೋ ನಿಜ, ಆದರೆ ಕಳ್ಳ ನಾನೇ.

ಮಗಳು ಸ್ನಾನಕ್ಕೆ ಹೋಗಿದ್ದಾಗ ಬಾಗಿಲ ಹಿಂದಿನ ಮೊಳೆಯಿಂದ ಕೀಲಿ ತೆಗೆದೆ. ಮೆಕ್ಯಾನಿಕ್ಕನ್ನು ಬೀದಿಯ ಮೂಲೆಯಲ್ಲೇ ನಿಲ್ಲಿಸಿದ್ದೆ. ಅವನು ನಡೆಯುವವರ ವೇಗದಲ್ಲಿ ಗಾಡಿಯನ್ನು ತನ್ನ ಶೆಡ್ಡಿಗೆ ತಂದ, ನಾನು ಪಕ್ಕದಲ್ಲೇ ಹೆಜ್ಜೆ ಹಾಕಿದೆ. ಈಗ ಇಲ್ಲಿಯೇ ಹಳೆಯ ಬ್ಯಾಟರಿಯೊಂದರ ಮೇಲೆ ಕೂತು ಬರೆಯುತ್ತಿದ್ದೇನೆ. ಕಾಲೇಜಿನಲ್ಲಿ ಕಾಗದ ಬರೆಯುವುದನ್ನು ಕಲಿಸಿದ್ದರು. 'ಐ ಬೆಗ್ ಟು ಸ್ಟೇಟ್ ದಟ್' ಎಂದು ಶುರುವಾಗುತ್ತಿತ್ತು. ಅದರ ಮುಂದೆ ನನಗೆ ನೆನಪಿರುವುದು ಜ್ವರ ಬಂದಿದೆ, ರಜೆ ಕೊಡಿ ಎಂಬುದು ಮಾತ್ರ. ಕಾರು ಕದ್ದವರು ಹೇಗೆ ಬರೆಯಬೇಕೆಂದು ಯಾವ ಲೆಕ್ಚರರೂ ಹೇಳಿಕೊಡಲಿಲ್ಲ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀರಿ. ಮಾಡಿದರೆ ನೀವು "ಏನಾಗಲ್ಲ ಬಿಡಿ ಮಾವ" ಅನ್ನುತ್ತೀರಿ, ನಾನು "ಸರಿಯಪ್ಪಾ" ಎಂದು ಇಟ್ಟುಬಿಡುತ್ತೇನೆ. ನಿಮ್ಮ ಮದುವೆಯಾದಾಗಿನಿಂದ ನಮ್ಮಿಬ್ಬರ ಮಾತುಕತೆ ನಡೆದಿರುವುದೇ ಹೀಗೆ. ಎಂದಾದರೂ ಜಗಳವಾಡಿದ್ದೇವೆಯೇ? ಜಗಳವಾಡಿ ಅಭ್ಯಾಸವಿದ್ದಿದ್ದರೆ ಇವತ್ತು ಕದಿಯುವ ಗತಿ ಬರುತ್ತಿರಲಿಲ್ಲ.

ಹೋದ ಭಾನುವಾರ ನಾನು ಹಿಂದಿನ ಸೀಟಿನಲ್ಲಿದ್ದೆ. ಶಾಲೆಯ ಗೇಟಿನ ಹತ್ತಿರ ನಾಯಿಯೊಂದು ಅಡ್ಡ ಬಂತು. ನೀವು ಬ್ರೇಕ್ ಒತ್ತಿದಿರಿ, ಕಾರಿನ ಮೂತಿ ಎಡಕ್ಕೆ ಹೊರಳಿತು. ನಾನು ಬೆಚ್ಚಿದ್ದು ಅದಕ್ಕಲ್ಲ. ಕಾರು ಹೊರಳುವ ಮುಂಚೆಯೇ ನಿಮ್ಮ ಕೈ ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿಯಾಗಿತ್ತು! ಕಾಲು ಬ್ರೇಕಿಗೆ ಹೋದರೆ ಸಾಕು, ಕೈ ತಾನಾಗಿಯೇ ಬಲಕ್ಕೆ ಹೋಗುತ್ತಿದೆ. ನಾನು ಕೇಳಿದ್ದಕ್ಕೆ ನೀವು ನಕ್ಕು, "ರಸ್ತೆನೇ ಹಾಗಿದೆ ಮಾವ. ಕಾರು ಕೊಡುವಾಗಲೇ ನಮ್ಮಣ್ಣ ಹೇಳಿದ್ದ, ಸ್ವಲ್ಪ ಎಡಕ್ಕೆ ಎಳೆಯುತ್ತೆ, ಅಭ್ಯಾಸ ಆಗುತ್ತೆ ಅಂತ" ಎಂದಿರಿ.

ನೀವು ಕನ್ನಡಕದ ಅಂಗಡಿ ಇಟ್ಟವರು. ತಲೆ ಓರೆ ಮಾಡಿ ಅಕ್ಷರ ಓದುವವರು ಬಂದರೆ "ಅಭ್ಯಾಸ ಆಗುತ್ತೆ, ಹೋಗಿ" ಎಂದು ಕಳಿಸುತ್ತೀರಾ? ಕೂರಿಸಿ, ಗಲ್ಲ ಹಿಡಿದು ನೇರ ಮಾಡಿ, ಯಾವ ಕಣ್ಣಿನಲ್ಲಿ ಏನಿದೆ ಎಂದು ನೋಡುವುದಿಲ್ಲವೇ?

ಇನ್ನೊಂದು ವಿಷಯ. ನೀವು ಬ್ರೇಕ್ ಒತ್ತಿದಾಗಲೆಲ್ಲ ಮುಂದಿನ ಚಕ್ರ ಕೀಚ್ ಎನ್ನುತ್ತಿತ್ತು, ಆಗೆಲ್ಲ ಮಗಳು ರೇಡಿಯೋ ಜೋರು ಮಾಡುತ್ತಿದ್ದಳು. ಇವಳು ನಿಮ್ಮ ಅತ್ತೆಯ ಮಗಳು ಎಂಬುದು ನಿಮಗೆ ನೆನಪಿರಲಿ. ನಿಮ್ಮ ಅತ್ತೆ ನಮ್ಮ ಹಳೆಯ ಕಾರಿನಲ್ಲಿ ಮೊದಲ ಮೈಲಿ ಯಾರನ್ನೂ ಉಸಿರೆತ್ತಲು ಬಿಡುತ್ತಿರಲಿಲ್ಲ. ಬೀಗರು ಕೂತಿದ್ದರೂ ಸೈ, "ಒಂದು ಮೈಲಿ ಎಲ್ಲರೂ ಬಾಯಿ ಮುಚ್ಕೊಳ್ಳಿ, ಗಾಡಿ ಏನೋ ಹೇಳುತ್ತೆ" ಎನ್ನುತ್ತಿದ್ದಳು. ಕಿಟಕಿ ಇಳಿಸಿ ಕೂರುತ್ತಿದ್ದಳು. ಸುಟ್ಟ ವಾಸನೆ, ಗರಗರ ಸದ್ದು, ಪೆಡಲಿನ ಕೆಳಗೆ ನಡುಕ, ಯಾವುದನ್ನೂ ಅವಳು ನಾಳೆಗೆ ಬಿಟ್ಟವಳಲ್ಲ. ಹೀಗೆ ಬೆಳೆದ ಹುಡುಗಿ ಸದ್ದನ್ನು ಹಾಡಿನಿಂದ ಮುಚ್ಚುತ್ತಿದ್ದಾಳೆಂದರೆ ಅವಳಿಗೆ ಕೇಳಿಸಿಲ್ಲವೆಂದಲ್ಲ. ನಿಮ್ಮ ಅಣ್ಣ ಅಕ್ಕರೆಯಿಂದ ಕೊಟ್ಟ ಕಾರು, ಮಗು ಬರುತ್ತಿದೆ ಎಂಬ ಸುದ್ದಿ ಕೇಳಿ ಕೊಟ್ಟದ್ದು. ಅದಕ್ಕೆ ಹುಳುಕು ಹೇಳಲು ಅವಳಿಗೂ ನಾಲಿಗೆ ಏಳಲಿಲ್ಲ, ನನಗೂ ಏಳಲಿಲ್ಲ. ಅಣ್ಣ ನೊಂದುಕೊಂಡಾನು ಎಂದು ನೀವು, ನೀವು ನೊಂದುಕೊಂಡೀರಿ ಎಂದು ಅವಳು, ಬೀಗರು ನೊಂದುಕೊಂಡಾರು ಎಂದು ನಾನು. ಮರ್ಯಾದಸ್ಥರ ಕುಟುಂಬ ನಮ್ಮದು! ಮರ್ಯಾದೆಯಿಂದಲೇ ಕಂದಕಕ್ಕೆ ಬೀಳುವವರು.

ಊರೊಳಗೆ ಓಡಾಡುವವರೆಗೆ ಹೇಗೋ ನಡೆಯಿತು. ಇವತ್ತು ಘಟ್ಟದ ಇಳಿಜಾರು. ಹೊಟ್ಟೆಯಲ್ಲಿ ಮಗು ಅಡ್ಡ ಮಲಗಿದೆ, ಸಂಜೆಯೊಳಗೆ ಕೆಳಗಿನ ದೊಡ್ಡಾಸ್ಪತ್ರೆಗೆ ಸೇರಿಸಿ ಎಂದು ಡಾಕ್ಟರು ಹೇಳಿದ್ದಾರೆ. ಆ ರಸ್ತೆ ನಿಮಗೂ ಗೊತ್ತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಆಕಾಶ, ಎದುರಿಗೆ ಲಾರಿಗಳು. ಕೆಳಗೆ ಮುಟ್ಟುವವರೆಗೂ ಬ್ರೇಕಿನ ಮೇಲಿನ ಕಾಲು ತೆಗೆಯುವಂತಿಲ್ಲ.

ಮೆಕ್ಯಾನಿಕ್ ಜಾಕ್ ಏರಿಸುತ್ತಿದ್ದಾನೆ. ಕೈಯ ಜೊತೆಗೆ ಬಾಯಿಯೂ ನಡೆಯುತ್ತಿದೆ. "ಯಜಮಾನ್ರೇ, ಬಿಚ್ಚಿದ ಮೇಲೆ ಏನೂ ಇಲ್ಲಾಂದ್ರೆ ಅಳಿಯನ ಮುಂದೆ ಯಾವ ಮುಖ ಇಟ್ಕೊಂಡು ನಿಲ್ತೀರಿ?" ಎಂದು ಕೇಳಿದ. "ಇದೇ ಮುಖ, ಬೇರೆ ತಂದಿಲ್ಲ" ಎಂದೆ.

ಸುಮ್ಮನೆ ಕಾಯಲಾಗುತ್ತಿಲ್ಲ. ತಿಳಿದದ್ದನ್ನಾದರೂ ಬರೆದುಬಿಡುತ್ತೇನೆ. ಮುಂದೆ ಎಂದಾದರೂ ಕಾರು ಕೊಳ್ಳುವಾಗ ತಣ್ಣಗಿರುವ ಇಂಜಿನ್ನನ್ನೇ ನೋಡಿ. ನೀವು ಹೋಗುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಏನನ್ನೋ ಮುಚ್ಚಿದ್ದಾರೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಒಳಗಿನ ತುದಿಯಲ್ಲಿ ಕೆಸರಿನ ಗೆರೆ ಕಂಡರೆ ಅದು ನೀರಿನಲ್ಲಿ ಮುಳುಗಿ ಎದ್ದ ಗಾಡಿ, ಕೈ ಮುಗಿದು ಬನ್ನಿ. ಟೈರಿನ ಒಂದೇ ಅಂಚು ಸವೆದಿದ್ದರೆ ಯಾಕೆಂದು ಕೇಳಿ. ಮಾರುವವರ ಮೆಕ್ಯಾನಿಕ್ ಬೇಡ, ನಿಮ್ಮವನನ್ನೇ ಕರೆದೊಯ್ಯಿರಿ. ಒಡಹುಟ್ಟಿದವರು ಪುಕ್ಕಟೆ ಕೊಟ್ಟರಂತೂ ಎರಡು ಸಲ ನೋಡಿ, ಯಾಕೆಂದರೆ ಅಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ. ಬೆಳಿಗ್ಗೆ ಗಾಡಿ ತೆಗೆದ ಮೇಲೆ ನೆಲ ನೋಡುವುದು ಒಳ್ಳೆಯ ರೂಢಿ. ಕಪ್ಪು ಹನಿ ಇಂಜಿನ್ ಎಣ್ಣೆ, ಚಕ್ರದ ಬಳಿ ತಿಳಿ ಎಣ್ಣೆ ಕಂಡರೆ ಅದು ಬ್ರೇಕಿನದು, ಅವತ್ತು ಕಾರು ಕದಲಬಾರದು. ಆ ಬ್ರೇಕ್ ಎಣ್ಣೆ ವರ್ಷ ಕಳೆದಂತೆ ಗಾಳಿಯ ತೇವ ಹೀರಿಕೊಳ್ಳುತ್ತದೆ, ಇಳಿಜಾರಿನಲ್ಲಿ ಕಾದು ಕುದಿದರೆ ಪೆಡಲು ಹತ್ತಿ ಒತ್ತಿದಂತೆ ಒಳಗೆ ಹೋಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಇಳಿಯುವಾಗ ಕೆಳಗಿನ ಗೇರಿನಲ್ಲೇ ಇಳಿಯಿರಿ, ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳಲಿ. ಇದಕ್ಕೆ ಇಂಗ್ಲಿಷಿನಲ್ಲಿ ಪ್ರಿಕಾಷನ್ ಎಂದೋ ಪ್ರಿವೆನ್ಷನ್ ಎಂದೋ ಏನೋ ಒಂದು ಇದೆ. ನಿಮ್ಮ ಅತ್ತೆ ಅದಕ್ಕೆ "ಸ್ವಲ್ಪ ಬುದ್ಧಿ" ಎನ್ನುತ್ತಿದ್ದಳು.

ಎಡಗಡೆಯ ಚಕ್ರ ಬಿಚ್ಚಿದ. ಎಳೆಯುವುದು ಎಡಕ್ಕಲ್ಲವೇ, ತಪ್ಪು ಅಲ್ಲೇ ಇರಬೇಕೆಂದು ನಾನೇ ಒತ್ತಾಯ ಮಾಡಿದ್ದೆ. ನೋಡಿದರೆ ಬ್ರೇಕ್ ಪ್ಯಾಡು ಸವೆದಿದೆ, ಅಷ್ಟೇ. "ಸವೆದಿದೆ, ಬದಲಾಯಿಸೋಣ. ಆದ್ರೆ ಹಿಡೀತಾ ಇದೆ, ಕೆಟ್ಟಿಲ್ಲ" ಎಂದ. ನನ್ನ ಮುಖ ಸಣ್ಣದಾಯಿತು. ಪ್ಯಾಡಿಗಾಗಿ ಅಳಿಯನ ಕಾರು ಕದ್ದವನು! ಈ ಕಾಗದಕ್ಕಾಗಿಯೇ ಇಲ್ಲಿ ಕಾಯುತ್ತಿರುವ ಟ್ಯಾಕ್ಸಿಯಮ್ಮ ಟೀ ಲೋಟ ಕೆಳಗಿಟ್ಟು, "ಇನ್ನೂ ಎಷ್ಟು ಬರೀತೀರಿ? ನಮ್ಮ ಮಾವ ನನ್ನ ಗಂಡನಿಗೆ ಒಂದು ಚೀಟಿನೂ ಬರೆದವರಲ್ಲ" ಎಂದರು. ಕಾಗದ ಹರಿದುಬಿಡಲೇ ಅನ್ನಿಸಿತು.

ಈಗ ಬಲಗಡೆಯದು ಬಿಚ್ಚಿದ್ದಾನೆ.

ಅಳಿಯಂದಿರೇ, ಅವನ ಬಾಯಿ ನಿಂತುಹೋಯಿತು. ನನ್ನನ್ನು ಹತ್ತಿರ ಕರೆದ. ಬಲಗಡೆಯ ಪ್ಯಾಡು ಅಂಗಡಿಯಿಂದ ತಂದಂತೆ ದಪ್ಪವಾಗಿದೆ. ಪ್ಯಾಡು ಉಜ್ಜಿ ಉಜ್ಜಿ ತಟ್ಟೆಯಂತಹ ಡಿಸ್ಕು ಫಳಫಳ ಹೊಳೆಯಬೇಕಿತ್ತು, ತುಕ್ಕು ಹಿಡಿದು ಕೆಂಪಗೆ ಕೂತಿದೆ. ಪ್ಯಾಡನ್ನು ಅದಕ್ಕೆ ಒತ್ತಬೇಕಾದ ಪಿಸ್ಟನ್ನು ಜಾಮ್ ಆಗಿ, ಅವನು ಕಬ್ಬಿಣದ ಸಲಾಕೆ ಹಾಕಿ ಮೀಟಿದರೂ ಕದಲಲಿಲ್ಲ. ಬಲಗಡೆಯ ಮುಂದಿನ ಚಕ್ರಕ್ಕೆ ಬ್ರೇಕೇ ಇಲ್ಲ. ಎಷ್ಟೋ ತಿಂಗಳಿಂದ ಇಲ್ಲ. ಕೆಟ್ಟದ್ದು ಬಲಗಡೆ, ದುಡಿದು ಸವೆದದ್ದು ಎಡಗಡೆ. ಕಾರು ಎಡಕ್ಕೆ ಎಳೆಯುತ್ತಿದ್ದುದು ಅಲ್ಲಿ ತಪ್ಪಿತ್ತೆಂದಲ್ಲ, ಅಲ್ಲಿ ಮಾತ್ರ ಬ್ರೇಕ್ ಹಿಡಿಯುತ್ತಿತ್ತೆಂದು. "ಇಳಿಜಾರಲ್ಲಿ ಎಡಗಡೇದೂ ಕಾದು ಕೈಬಿಟ್ಟಿದ್ರೆ..." ಎಂದು ಅರ್ಧಕ್ಕೇ ನಿಲ್ಲಿಸಿದ.

ಬೇಕಾದ ಸಾಮಾನು ನಾಳೆಗೆ ಮುಂಚೆ ಸಿಗುವುದಿಲ್ಲ. ದೆರ್‌ಫೋರ್, ಟ್ಯಾಕ್ಸಿಯಲ್ಲೇ ಹೋಗಬೇಕು. ನನ್ನ ಮಾತನ್ನೇ ನಂಬಬೇಕಿಲ್ಲ. ಮನೆಗೆ ಹೋಗುವ ದಾರಿಯಲ್ಲೇ ಈ ಶೆಡ್ಡು, ಇಳಿದು ಎರಡೂ ಚಕ್ರ ನೋಡಿ. ನಿಮ್ಮ ಕಣ್ಣು ಸುಳ್ಳು ಹೇಳುವುದಿಲ್ಲ. ಅಣ್ಣನಿಗೂ ಒಂದು ಮಾತು ಹೇಳಿ, ಸಿಟ್ಟಿನಿಂದಲ್ಲ. ಅವರೂ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಇದರಲ್ಲೇ ಓಡಾಡಿದವರು, ಪಾಪ.

ಇನ್ನೊಂದೇ ವಿಷಯವಿದೆ. ಈಗಷ್ಟೇ ಮಗಳು ಫೋನ್ ಮಾಡಿದ್ದಳು. "ಅಪ್ಪಾ, ಕಾರು ಕಾಣ್ತಾ ಇಲ್ಲ" ಎಂದಳು. ಸತ್ಯ ಹೇಳಬೇಕೆಂದೇ ಬಾಯಿ ತೆರೆದೆ. ಬಾಯಿಗೆ ಬಂದದ್ದು ಬೇರೆ. "ನಿನ್ನ ಗಂಡನೇ ಬ್ರೇಕ್ ನೋಡಿಸೋಕೆ ಕಳಿಸಿದಾರಮ್ಮ, ಟ್ಯಾಕ್ಸಿಲಿ ಹೋಗೋಣ ಅಂದ್ರು" ಎಂದುಬಿಟ್ಟೆ. ಆ ಕಡೆಯಿಂದ ಅಳುವುದು ಕೇಳಿಸಿತು. "ರಾತ್ರಿಯೆಲ್ಲ ನಿದ್ದೆ ಬಂದಿಲ್ಲಪ್ಪ. ಹೇಗೆ ಹೇಳಲಿ, ಹೇಗೆ ಹೇಳಲಿ ಅಂತಲೇ ಬೆಳಗಾಯ್ತು. ನಾನು ಹೇಳದೇನೇ ಅವರಿಗೆ ಗೊತ್ತಾಯ್ತಾ?" ಎಂದಳು. ಗೊತ್ತಾಯಿತು ಎಂದೆ.

ಈ ಒಂದು ಮಾತನ್ನು ದಯವಿಟ್ಟು ನಿಜ ಮಾಡಿಕೊಡಿ. ಓದಿದ ಮೇಲೆ ಕಾಗದ ಹರಿದುಹಾಕಿ, ಅಂಗಡಿಯ ಬಾಗಿಲು ಎಳೆದುಕೊಂಡು ಟ್ಯಾಕ್ಸಿ ಹತ್ತಿ. ಅವಳು ಚೀಲ ಸಿದ್ಧಮಾಡಿ ಹೊಸ್ತಿಲಲ್ಲಿ ಕಾಯುತ್ತಿದ್ದಾಳೆ, ನಿಮಗಾಗಿ.

ಇಬ್ಬರೂ ನಿಧಾನವಾಗಿ ಇಳಿಯಿರಿ, ಮೂವರಾಗಿ ಸುಖವಾಗಿ ಹತ್ತಿ ಬನ್ನಿ.

ನಿಮ್ಮ ಒಳಿತನ್ನೇ ಬಯಸುವ,
ಮಾವ