ಅಳತೆಗೆ ಕೊಟ್ಟ ರವಿಕೆ

೮ ಜುಲೈ ೧೯೬೩, ಕಲ್ಯಾಣದುರ್ಗ

...ಅದೂ ಸಾಲದೆ ಮಧ್ಯಾಹ್ನ ಇನ್ನೊಂದು ಹೊಲಿಗೆ ಮಿಷನ್ನಿನ ಬೆಲ್ಟು ಹರಿಯಿತು. ಹುರಿ ಕಟ್ಟಿ ಓಡಿಸಿದೆ. ಮೊದಲನೆಯದರ ಸೂಜಿ ಬೆಳಿಗ್ಗೆಯೇ ಮುರಿದಿತ್ತು. ಹಾಜರಿಯಲ್ಲಿ ಹನ್ನೆರಡು ಹೆಸರು, ಬಂದವರು ಮೂವರು. ಅವರಲ್ಲಿ ಒಬ್ಬಳು ನಿದ್ದೆ ಮಾಡಲೆಂದೇ ಬಂದವಳು. ಬೈಯಲು ಮನಸ್ಸಾಗಲಿಲ್ಲ. ನನ್ನ ಪಾಠ ಕೇಳಿದರೆ ನನಗೇ ನಿದ್ದೆ ಬರುತ್ತದೆ.

ಹಿಂದೂಪುರದ ಮಹಿಳಾ ಸಂಘದವರು ಕೊಟ್ಟ ಸಿಲಬಸ್ಸು: ಮೊದಲ ತಿಂಗಳು ಕಾಗದ ಕತ್ತರಿಸುವುದು. ಆಮೇಲೆ ಮಗುವಿನ ಫ್ರಾಕು — ಪಫ್ ತೋಳು, ಎದೆಗೆ ನೆರಿಗೆ, ಬೆನ್ನಿಗೆ ಬೋ. ಬರುವವರೋ ಗಂಡ ಸತ್ತವರು, ಗಂಡ ಬಿಟ್ಟವರು, ಮನೆ ತುಂಬ ಮಕ್ಕಳಿರುವವರು. ಹೊಲಿಗೆ ಕಲಿತು ಅನ್ನ ದುಡಿಯಬೇಕು ಅನ್ನುವವರು.

ಈರಕ್ಕ ಕಾಗದದ ಫ್ರಾಕನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು. ಬೆಳುಗುಪ್ಪದವಳು, ನಮ್ಮಮ್ಮನ ವಯಸ್ಸು. ಇಲ್ಲಿ ತಂಗಿಯ ಮನೆಯಲ್ಲಿದ್ದುಕೊಂಡು ಕ್ಲಾಸಿಗೆ ಬರುತ್ತಾಳೆ.

"ಟೀಚರಮ್ಮ, ಇದ್ನ ನಮ್ಮೂರಾಗೆ ಯಾರಿಗೆ ಹಾಕಾನ? ಮೇಕೆಮರಿಗಾ?"

ನಿದ್ದೆಯವಳೂ ಎದ್ದು ನಕ್ಕಳು. ನಾನು ನಗಲಿಲ್ಲ. ಬಂದಿತ್ತು, ತಡೆದುಕೊಂಡೆ.

ಹಾಜರಿ ಹೀಗೇ ಇದ್ದರೆ ಸೆಂಟರು ಮುಚ್ಚಿ ಮಿಷನ್ನು ವಾಪಸು ತರಿಸಿಕೊಳ್ಳುತ್ತೇನೆ ಎಂದು ಸಂಘದ ಆರ್ಗನೈಸರ್ ಮೇಡಂ ಹೇಳಿಯೇ ಕಳಿಸಿದ್ದಾರೆ. ಮುಚ್ಚಿದರೆ ನಾನೂ ಹಿಂದೂಪುರಕ್ಕೆ ವಾಪಸು. ಅಣ್ಣನ ಮನೆ. ಅತ್ತಿಗೆಯ ಮುಖ. "ಹೋದಷ್ಟೇ ಬೇಗ ಬಂದ್ಯಲ್ಲ" ಅನ್ನುವ ಮಾತು.

ಇಲ್ಲ. ಹೋಗುವುದಿಲ್ಲ.

೧೦ ಜುಲೈ

ಬಾರದವರನ್ನು ಹುಡುಕಿಕೊಂಡು ಹೊರಟೆ. ಕಂಬದೂರಿನ ಕಡೆಯ ಉಡುಸಲಮ್ಮ ನಮಗೆ ಕ್ಲಾಸಿಗೆ ಜಾಗ ಕೊಟ್ಟ ಅಮರೇಶಪ್ಪನವರ ಮಂಡಿಯಲ್ಲಿ ಸಿಕ್ಕಿದಳು. ಬಿತ್ತನೆಗೆ ಕಡಲೆಕಾಯಿ ಸುಲಿಯುತ್ತಿದ್ದಳು. ಮಾತಾಡುತ್ತಲೇ ಸುಲಿಯುತ್ತಾಳೆ, ತಲೆ ಎತ್ತುವುದಿಲ್ಲ.

"ಇಲ್ಲಿ ಕಾಯಿ ಸುಲುದ್ರೆ ಸಾಯಂತ್ರಕ್ಕೆ ಕೂಲಿ ಬತ್ತದೆ ಕಣಮ್ಮ. ನಿನ್ ತಾವ ಏನ್ ಬತ್ತದೆ? ಕಾಗದದ ಚೂರು."

"ಏನು ಕಲಿಸಿದ್ರೆ ಬರ್ತೀಯ?"

"ರವಿಕೆ." ತೋಳು ಎತ್ತಿದಳು. ಕಂಕುಳಲ್ಲಿ ಬಟ್ಟೆ ಬಾಯಿ ಬಿಟ್ಟಿತ್ತು. "ನೋಡು. ಬಜಾರ್ ತೋಟಪ್ಪ ಹೊಲ್ದಿದ್ದು. ಹೊಸಾದು! ನಗಬ್ಯಾಡ, ನಿಂದೂ ಹಂಗೇ ಅದೆ."

ಹೌದು. ನನ್ನದೂ ಹಾಗೇ ಇದೆ.

ಊರಲ್ಲಿ ರವಿಕೆ ಹೊಲಿಯುವವನು ತೋಟಪ್ಪ ಒಬ್ಬನೇ. ಗಂಡಸಿನ ಕೈಗೆ ಮೈ ಅಳತೆ ಯಾರು ಕೊಡುತ್ತಾರೆ? ಮನೆಯಿಂದ ಒಂದು ಹಳೇ ರವಿಕೆ ಕಳಿಸುತ್ತಾರೆ. ಅದೇ ಅಳತೆ. ಅದನ್ನು ನೋಡಿ ಇವನು ಹೊಸದು ಹೊಲಿಯುತ್ತಾನೆ. ಮುಂದಿನ ವರ್ಷ ಆ ಹೊಸದೇ ಅಳತೆಗೆ ಹೋಗುತ್ತದೆ. ಮೈ ಬದಲಾಗುತ್ತದೆ, ಅಳತೆ ಬದಲಾಗುವುದಿಲ್ಲ. ಊರಿನ ಹೆಂಗಸರೆಲ್ಲ ತೋಳು ಎತ್ತಲಾರದೆ ಓಡಾಡುತ್ತಿದ್ದಾರೆ, ನಾನು ಬೋ ಕಟ್ಟುವುದು ಕಲಿಸುತ್ತಿದ್ದೇನೆ.

೧೧ ಜುಲೈ

ಗೋಡೆಗೆ ತೂಗಿದ್ದ ಫ್ರಾಕಿನ ಪಟ ಸುತ್ತಿ ಬೀರುವಿನ ಹಿಂದಕ್ಕೆ ಹಾಕಿದೆ. ಇವತ್ತಿನಿಂದ ರವಿಕೆ. ಮನೆಯಿಂದ ಹಳೇ ಸೀರೆ ತನ್ನಿ, ನಿಮ್ಮ ನಿಮ್ಮ ಮೈಗೆ ನೀವೇ ಹೊಲಿದುಕೊಳ್ಳಿ ಅಂದೆ.

ಟೇಪಿನ ಅಂಕಿ ಅರ್ಧ ಜನಕ್ಕೆ ಓದಲು ಬರದು. ಟೇಪು ಬಿಟ್ಟು ಎಲ್ಲರಿಗೂ ದಾರ ಕೊಟ್ಟೆ. ಎದೆ ಸುತ್ತಿ ಒಂದು ಗಂಟು, ತೋಳು ಸುತ್ತಿ ಒಂದು ಗಂಟು. ದಾರ ಬಟ್ಟೆಯ ಮೇಲೆ ಹಾಸಿ ಗೆರೆ ಎಳೆಯುವುದು. ಅಂಕಿ ಆಮೇಲೆ ಕಲಿತರಾಯಿತು.

ಸಂಘದವರು ಕೇಳಿದರೆ? ಕೇಳಲಿ.

೨೯ ಜುಲೈ

ಬರೆಯಲು ಪುರುಸೊತ್ತಿಲ್ಲ. ಹಾಜರಿ ಪೂರ್ತಿ. ಹೆಸರಿಲ್ಲದವರೂ ಬಂದು ಬಾಗಿಲಲ್ಲಿ ಕೂರುತ್ತಾರೆ. ಮಿಷನ್ನಿಗೆ ಜಗಳ — "ನಿಂದು ಆಯ್ತು, ಎದ್ದೇಳೇ", "ಬಾಬಿನ್ ಖಾಲಿ ಮಾಡಿ ಎದ್ದೋಗ್ತಾಳೆ ನೋಡು ಇವ್ಳು!" ಇಂಥ ಗಲಾಟೆ ಎಷ್ಟು ಚೆಂದ.

ಉಡುಸಲಮ್ಮ ತಾನೇ ಹೊಲಿದ ರವಿಕೆ ತೊಟ್ಟು ತೋಟಪ್ಪನ ಅಂಗಡಿ ಮುಂದೆ ನಿಂತು, ಎರಡೂ ಕೈ ಎತ್ತಿ ನಿಧಾನವಾಗಿ ತುರುಬು ಕಟ್ಟಿಕೊಂಡಳಂತೆ. ಬೇಕಂತಲೇ ಎರಡು ಸಲ.

ಇವತ್ತು ಹೊರಗಿನ ಮೊದಲ ಕೆಲಸ ಬಂತು. ಗುರುಶಾಂತಮ್ಮನವರದು — ಅಮರೇಶಪ್ಪನವರ ಹೆಂಡತಿ. ಅವರ ಮನೆಯ ಮುಂದಿನ ಕೋಣೆಯೇ ನಮ್ಮ ಕ್ಲಾಸು. ಬರುವ ಸೋಮವಾರ ಮಗಳು ಮಂಗಳಗೌರಿಯ ನಿಶ್ಚಿತಾರ್ಥ. ತಮ್ಮ ರವಿಕೆಗೆಂದು ಪಟ್ಟೆಯ ಕಣ, ಒಳ್ಳೇ ರೇಷ್ಮೆಯ ತುಂಡು, ಕಳಿಸಿದ್ದಾರೆ, ಜೊತೆಗೆ ಅಳತೆಗೆ ಒಂದು ರವಿಕೆ. ಈರಕ್ಕ ಕತ್ತರಿಸುವುದು, ನಾನು ಪಕ್ಕದಲ್ಲಿರುವುದು.

ದೊಡ್ಡ ಮನೆಯವರು ಅಳತೆ ಕಳಿಸಿದ ಮೇಲೆ ಮತ್ತೆ ಯಾರು ಕೇಳುತ್ತಾರೆ? ಯಾರೂ ಕೇಳಲಿಲ್ಲ. ನಾನೂ.

೧ ಆಗಸ್ಟ್

ಹಾಳಾಯಿತು. ತೋಳು ಮೊಣಕೈ ದಾಟಲಿಲ್ಲವಂತೆ. ಎಳೆದಿದ್ದಾರೆ. ಕಂಕುಳ ಹೊಲಿಗೆ ಬಿಟ್ಟಿದೆ.

ಗುರುಶಾಂತಮ್ಮ ಒಳಗಿನಿಂದಲೇ ಕೂಗಿದರು. "ಶಿವಶಿವಾ, ಕಾಯಿ ಸುಲ್ಯೋರ ಕೈಗೆ ಪಟ್ಟೆ ಕೊಟ್ಟೆನಲ್ಲ, ನಂಗೆ ಬುದ್ಧಿ ಬ್ಯಾಡ್ವಾ!" ಈರಕ್ಕ ಕತ್ತರಿ ಕೆಳಗಿಟ್ಟು ಗೋಡೆಗೆ ತಿರುಗಿ ಕೂತಳು. ಮತ್ತೆ ಮುಟ್ಟಲಿಲ್ಲ.

ಅಮರೇಶಪ್ಪನವರು ಬಾಗಿಲಿಗೆ ಬಂದರು. "ನೋಡಮ್ಮ, ಫ್ರಾಕು ಕಲಿಸ್ತೀನಿ ಅಂದ್ರಿ, ಜಾಗ ಕೊಟ್ಟೆ. ರವಿಕೆ ಯಾರು ಕಲಿಸೋಕೆ ಹೇಳಿದ್ರು? ಹಿಂದೂಪುರಕ್ಕೆ ಟ್ರಂಕ್ ಕಾಲ್ ಮಾಡಿ ಹೇಳಿವ್ನಿ. ನಿಶ್ಚಿತಾರ್ಥ ಮುಗೀತ್ಲೇ ರೂಮು ಖಾಲಿ ಮಾಡಿ."

ಬಜಾರಿನಲ್ಲಿ ತೋಟಪ್ಪ ಬೇರೆ. "ಏಮಮ್ಮಾ ಟೀಚರೂ, ಪಟ್ಟೆ ಹರಿದೋಯ್ತಂತೆ? ಹೋಗ್ಲಿ ಬಿಡಿ, ಬೊಂಬೆಗೆ ಹೊಲೀರಿ."

ಬೊಂಬೆಗಂತೆ.

೨ ಆಗಸ್ಟ್, ಶುಕ್ರವಾರ

ಬೆಳಿಗ್ಗೆ ಎರಡೂ ರವಿಕೆ ಒಂದರ ಮೇಲೊಂದು ಇಟ್ಟು ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಈರಕ್ಕನನ್ನು ಕರೆದು ತೋರಿಸಿದೆ. ಬಾಗಿ ನೋಡಿದಳು. ಕಳಿಸಿದ ರವಿಕೆಯ ಅಂಚು ಮುಟ್ಟಿದಳು.

"ಇದು ಆವಮ್ಮನ ಮದುವೆ ರವಿಕೆ ಕಣಮ್ಮ. ಮಡಿಕೆ ಗೆರೆ ನೋಡು, ಪೆಟ್ಟಿಗ್ಯಾಗೆ ಇದ್ದಿದ್ದು. ಚೆನ್ನಾಗಿರಾದು ಕಳಿಸ್ಬೇಕು ಅಂತ ಇದ್ನ ಕಳಿಸ್ಬುಟ್ಟವ್ರೆ."

ಪಾಪ, ದರ್ಜಿಯ ಮನೆಗೆ ಹರಕು ಕಳಿಸಲು ಯಾವ ಹೆಂಗಸಿಗೆ ಮನಸ್ಸು ಬರುತ್ತದೆ? ಆದರೆ ಇದನ್ನು ಅಮರೇಶಪ್ಪನವರ ಮುಂದೆ ಹೇಗೆ ಹೇಳುವುದು? ನಿಮ್ಮ ಹೆಂಡತಿ ದಪ್ಪಗಾಗಿದ್ದಾರೆ ಅಂತಲೇ?

ಹೇಳಲಿಲ್ಲ. ಒಂದು ಉಂಡೆ ದಾರ ತೆಗೆದುಕೊಂಡೆ. "ಬಾ ಈರಕ್ಕ, ಒಳಕ್ಕೆ ಹೋಗೋಣ."

"ನಾನ್ ಬರಲ್ಲ. ಬೈತಾರೆ."

"ಬೈಸಿಕೊಳ್ಳೋಣ. ಇವತ್ತು ಕತ್ತರಿ ಬಿಟ್ರೆ ಮತ್ತೆ ಹಿಡೀತೀಯಾ?"

ಎದ್ದು ಬಂದಳು.

ನಡುಮನೆ. ಗುರುಶಾಂತಮ್ಮ ಮಣೆಯ ಮೇಲೆ ಕೂತು ಎಲೆ ಒರೆಸುತ್ತಿದ್ದರು. ನಮ್ಮನ್ನು ಕಂಡು ಮುಖ ತಿರುಗಿಸಿದರು. ನಾನು ನೇರ ಹೇಳಿದೆ. "ಅಮ್ಮಾ, ಒಂದ್ಸಲ ತೋಳೆತ್ತಿ. ಅಳತೆ ನಾವೇ ತಗೋತೀವಿ."

"ಎಲೆಲೆ! ಹುಟ್ಟಿದಾಗಿಂದ ಯಾರಿಗೂ ಮೈ ಅಳತೆ ಕೊಟ್ಟೋಳಲ್ಲ ನಾನು. ಇಂಚು ಪಂಚು ಅಂತ ಬರ್ಕೊಂಡು ಊರಿಗೆಲ್ಲ ಸಾರಿಸಾಕಾ?"

"ಇಂಚು ಇಲ್ಲಮ್ಮ. ಟೇಪೇ ತಂದಿಲ್ಲ. ದಾರ. ಗಂಟು ಹಾಕ್ತೀವಿ, ಕತ್ತರಿಸಿದ ಮೇಲೆ ಒಲೆಗೆ ಹಾಕ್ತೀವಿ. ಎಷ್ಟು ಅಂತ ನನಗೂ ಗೊತ್ತಾಗಲ್ಲ."

ಈರಕ್ಕ ಮೆಲ್ಲಗೆ ಅಂದಳು: "ತೋಟಪ್ಪನಿಗೆ ಕೊಡಬ್ಯಾಡ್ರವ್ವ. ನಾವು ಹೆಂಗಸ್ರಲ್ವಾ? ನಂದೂ ಮೂರು ಹೆರಿಗೆ ಆದ ಮೈಯೇ."

ಗುರುಶಾಂತಮ್ಮನ ಬಾಯಿ ಓರೆಯಾಯಿತು. ಅಳು ಅಂದುಕೊಂಡೆ, ನಗು. "ನಂದು ಐದು ಕಣೆ." ಮಗಳನ್ನು ಕರೆದರು. "ಗೌರೀ, ಬಾಗ್ಲು ಹಾಕು."

ಎದ್ದು ನಿಂತು ತೋಳು ಎತ್ತಿದರು. ಈರಕ್ಕ ಗಂಟು ಹಾಕಿದಳು.

ಸಂಜೆ ಹೊಲಿಗೆ ಬಿಚ್ಚಿ, ಉಳಿದ ತುಂಡಿನಲ್ಲಿ ಪಕ್ಕಕ್ಕೆ, ಕಂಕುಳಿಗೆ, ತೋಳಿಗೆ ಪಟ್ಟಿ ಕೊಟ್ಟೆವು. ಕೊಟ್ಟೆವು ಅಂದರೆ ಈರಕ್ಕ ಕೊಟ್ಟಳು. ನಾನು ಕೈ ಕಟ್ಟಿ ಕೂತಿದ್ದೆ. ಕೈ ಕಟ್ಟಿ ಕೂರುವುದು ಎಷ್ಟು ಕಷ್ಟ.

೫ ಆಗಸ್ಟ್, ಸೋಮವಾರ

ನಿಶ್ಚಿತಾರ್ಥ ಆಯಿತು. ಗುರುಶಾಂತಮ್ಮ ಎಲ್ಲರಿಗೂ ಎತ್ತರದಿಂದ ಪಾಯಸ ಬಡಿಸಿದರು. ತೋಳು ಸರಾಗ. ಹೆಂಗಸರ ಪಂಕ್ತಿಯಲ್ಲಿ ಗುಸುಗುಸು — ಯಾರು ಹೊಲಿದಿದ್ದು? "ನಮ್ ಮುಂದಿನ ರೂಮ್ನೋರು" ಅಂದರಂತೆ ಗುರುಶಾಂತಮ್ಮ. ಕಾಯಿ ಸುಲಿಯುವವರು ಅನ್ನಲಿಲ್ಲ. ನಮ್ ಅಂದರು.

ಅಮರೇಶಪ್ಪನವರು ರೂಮಿನ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

೮ ಆಗಸ್ಟ್

ಮೇಡಂ ಕಾರ್ಡು ಬಂತು. ಇಂಗ್ಲಿಷು. ಸಿಲಬಸ್ ಬಿಟ್ಟಿದ್ದೀಯೆಂದು ದೂರು ಬಂದಿದೆ. ಶನಿವಾರ ಪೋಸ್ಟಾಫೀಸಿಗೆ ಫೋನ್ ಮಾಡುತ್ತೇನೆ. ಫ್ರಾಕು ಕಲಿಸುತ್ತೀಯೋ ಇಲ್ಲವೋ ಹೇಳು. ಇಲ್ಲವಾದರೆ ಮಿಷನ್ನಿಗೆ ಲಾರಿ ಕಳಿಸುತ್ತೇನೆ.

ಕ್ಲಾಸಿನಲ್ಲಿ ಓದಿ ಹೇಳಿದೆ. ಮುಚ್ಚಿಡುವುದೇಕೆ? ಮಿಷನ್ನು ಹೋದರೆ ಹೋಗುವುದು ಅವರ ಅನ್ನ. ಈರಕ್ಕನಿಗಂತೂ ಬೆಳುಗುಪ್ಪದಲ್ಲಿ ಸ್ವಂತ ಬಾಗಿಲಲ್ಲಿ ಕೂತು ಹೊಲಿಯುವ ಆಸೆ. ಇನ್ನು ಪಟ್ಟೆ ಒಬ್ಬಳೇ ಕತ್ತರಿಸಲು ಬಂದರೆ ಸಾಕು, ಹೊರಡಬಹುದು.

ಒಳಬಾಗಿಲಲ್ಲಿ ಗುರುಶಾಂತಮ್ಮ ನಿಂತಿದ್ದರು. ಕೇಳಿಸಿಕೊಂಡಿದ್ದಾರೆ.

"ಲಾರಿ ಬರ್ಲಿ ಬಿಡು. ಮಿಷನ್ನು ನನ್ ಹಜಾರ ದಾಟ್ಬೇಕಲ್ಲ."

ಉಡುಸಲಮ್ಮ: "ದಾಟಿದ್ರೆ ನಾನವ್ನಿ."

೧೦ ಆಗಸ್ಟ್, ಶನಿವಾರ, ಮಧ್ಯಾಹ್ನ

ಕ್ಲಾಸಿನಲ್ಲೇ ಕೂತು ಬರೆಯುತ್ತಿದ್ದೇನೆ. ಸುಮ್ಮನೆ ನಿಂತರೆ ಕೈ ತಾನಾಗಿ ಕತ್ತರಿಗೆ ಹೋಗುತ್ತದೆ.

ಈರಕ್ಕನ ಮುಂದೆ ಹೊಸ ಪಟ್ಟೆ ಕಣ ಹಾಸಿದೆ. ಗುರುಶಾಂತಮ್ಮನ ಓರಗಿತ್ತಿಯದು. ಅಳತೆ ಈರಕ್ಕನೇ ಒಳಗೆ ಹೋಗಿ ತಂದಳು. ಗೆರೆಯೂ ಅವಳದೇ. ಕೇಳಿದಳು — ಸರಿ ಐತಾ? ಉತ್ತರ ಕೊಡಲಿಲ್ಲ. ಕೊಡುವುದಿಲ್ಲ. ಇದೊಂದು ಕತ್ತರಿ ಅವಳೇ ಹಾಕಬೇಕು. ಎಲ್ಲರೂ ಸುತ್ತ ನಿಂತಿದ್ದಾರೆ. ಮಿಷನ್ನು ನಿಂತಿದೆ.

ನಾರಪ್ಪ ಓಡಿ ಬಂದ, ಪೋಸ್ಟಾಫೀಸಿನವನು. ಏದುಸಿರು. "ಟೀಚರಮ್ಮ, ಪಿ.ಪಿ. ಕಾಲು, ನಿನ್ ಹೆಸ್ರಿಗೇ! ಹಿಂದೂಪುರದಿಂದ, ಮೇಡಮ್ಮೋರೇ. ಲೈನ್ ಮೇಲವ್ರೆ, ಬಿರ್ನೆ ಬಾರಮ್ಮ!"

ಎಲ್ಲರೂ ನನ್ನ ಕಡೆ ತಿರುಗಿದರು. ಈರಕ್ಕನ ಕತ್ತರಿ ಬಟ್ಟೆಯ ಅಂಚಿನಲ್ಲಿ ನಿಂತಿತು. ಈಗ ನಾನು ಎದ್ದು ಹೋದರೆ ಅವಳು ಕತ್ತರಿ ಕೆಳಗಿಡುತ್ತಾಳೆ. ಗೊತ್ತು.

"ಪಾಠ ನಡೀತಿದೆ ಅನ್ನು."

"ಅಯ್ಯೋ, ದೊಡ್ಡ ಆಫೀಸರಮ್ಮ. ಲಾರಿ ವಿಷ್ಯ ಅಂತಿದ್ರು. ನಾನೇನಂತ ಹೇಳ್ಲಿ?"

"ಅದನ್ನೇ ಹೇಳು. ಈರಕ್ಕ ಪಟ್ಟೆ ಕತ್ತರಿಸ್ತಿದ್ದಾಳೆ, ಟೀಚರು ಎದ್ದು ಬರೋ ಹಾಗಿಲ್ಲ. ಫ್ರಾಕು ಕಲಿಸಲ್ಲ ಅನ್ನೋದು ನಾನೇ ಬಂದು ಹೇಳ್ತೀನಿ."

ನಾರಪ್ಪ ಬಾಯಿ ತೆರೆದು ನಿಂತ. ಹಿಂದೆ ಯಾರೋ ಕಿಸಕ್ಕೆಂದರು. ಉಡುಸಲಮ್ಮನೇ ಇರಬೇಕು.

ಕರ್‌... ಪಟ್ಟೆ ಕತ್ತರಿಸುವ ಸದ್ದು. ಈರಕ್ಕ ತಲೆ ಎತ್ತಲಿಲ್ಲ.

ನಾರಪ್ಪ ಇನ್ನೂ ಹೊಸ್ತಿಲಲ್ಲೇ. "ಹಂಗಾರೆ ಮತ್ತೆ ಯಾವಾಗ ಮಾಡ್ಲಿ ಅವ್ರು?"

ತೋಳು ಆಗಿದೆ. ಇನ್ನು ಬೆನ್ನು, ಎದೆ, ಕುತ್ತಿಗೆ.

"ಐದೂವರೆಗೆ ಮಾಡ್ಲಿ ಅನ್ನಪ್ಪ, ಅಷ್ಟೊತ್ತಿಗೆ ಕುತ್ತಿಗೆನೂ ಮುಗಿದಿರುತ್ತೆ."