ರೈಟ್ ರೈಟ್

ಫೆಬ್ರವರಿ ೧೮, ರಾತ್ರಿ

ಕಿಟಕಿಗೆ ನೇತುಹಾಕಿದ ಸ್ವೆಟರ್ ಇನ್ನೂ ತೊಟ್ಟಿಕ್ಕುತ್ತಿದೆ. ಈ ಚಳಿಯಲ್ಲಿ ನಾಳೆ ಏನು ಹಾಕಿಕೊಳ್ಳಲಿ? ಎಲ್ಲ ನನ್ನ ಬಾಯಿಯ ತಪ್ಪು.

ಬಸ್ ಓಡಿಸುವ ಕೆಲಸದಿಂದ ನಿವೃತ್ತರಾದಾಗಿನಿಂದ ಇವರದು ಗಂಟು ಹಾಕಿದ ಮುಖ. ಸರೋವರದ ಊರು ನೋಡೋಣ ಬನ್ನಿ ಎಂದು ನಾನೇ ಎಳೆದು ತಂದೆ. ಇಲ್ಲಿಯೂ ಅದೇ ಮುಖ. ಸಂಜೆ ಹಂಸದಂತಿದ್ದ ಪೆಡಲ್ ದೋಣಿ ಹತ್ತಿದೆವು. ಎದುರಿಗೆ ಇನ್ನೊಂದು ದೋಣಿ ಬಂತು. ಬಲಕ್ಕೆ ತಿರುಗಿಸಲಿ ಎಂದು "ರೈಟ್! ರೈಟ್!" ಅಂತ ಕೂಗಿಬಿಟ್ಟೆ. ಜೀವಮಾನವೆಲ್ಲ ಕಂಡಕ್ಟರ್ ಬಾಯಲ್ಲಿ ಅದನ್ನೇ ಕೇಳಿದ ಕಾಲುಗಳು ಸುಮ್ಮನಿರುತ್ತವೆಯೇ? ಜೋರಾಗಿ ತುಳಿದು ನೇರ ನುಗ್ಗಿಸಿದರು. ಡಿಕ್ಕಿ! ನೀರೆಲ್ಲ ನನ್ನ ಮೇಲೆ.

"ಯಾರ್ರೀ ನಿಮಗೆ ಲೈಸೆನ್ಸ್ ಕೊಟ್ಟಿದ್ದು?" ಎಂದಳು ಆ ದೋಣಿಯಲ್ಲಿದ್ದ ಹೆಂಗಸು.

"ನನ್ನನ್ಯಾಕೆ ಬೈತೀರಮ್ಮಾ? ಕಂಡಕ್ಟರ್ ರೈಟ್ ಅಂದ್ಲು, ಬಿಟ್ಟೆ!" ಇವರು ನನ್ನತ್ತ ಕೈ ತೋರಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗು ಕೇಳಿ ಎಷ್ಟು ತಿಂಗಳಾಗಿತ್ತೋ. ಸ್ವೆಟರ್ ಹಾಳಾಗಿ ಹೋಗಲಿ.

ಈಗ ಪಕ್ಕದಲ್ಲಿ ಗೊರಕೆ. ಹೊದಿಕೆಯೊಳಗೆ ಕಾಲು ಇನ್ನೂ ಪೆಡಲ್ ತುಳಿಯುತ್ತಿದೆ. ಬಸ್ ನಿಲ್ಲಿಸುವ ಕಂಡಕ್ಟರ್‌ನಂತೆ ಮೆಲ್ಲಗೆ "ಹೋಲ್ಡಾನ್" ಎಂದೆ. ನಿಂತೇಬಿಟ್ಟಿತು! ಗೊರಕೆ ನಿಲ್ಲಲು ಏನು ಹೇಳಬೇಕೋ!