ರೆಬೆಕ್ಕ ನಕ್ಕಿದ್ದು

೧೪ ನವೆಂಬರ್ ೧೯೫೮, ಶುಕ್ರವಾರ. ಕೋರಮಂಡಲ್.

ಸಿಟ್ಟು ಇಳಿಯುತ್ತಲೇ ಇಲ್ಲ.

ನನ್ನ ತಮ್ಮ ಯೇಸುದಾಸ ಇಲ್ಲಿನ ಚಿನ್ನದ ಗಣಿಯೊಳಗೆ ಬಂಡೆ ಕುಸಿದು ಸತ್ತು ಇಂದಿಗೆ ಹದಿನೆಂಟು ದಿನ. ಹೋದ ಭಾನುವಾರ ಅವನ ಹೆಂಡತಿ ರೆಬೆಕ್ಕ ಚರ್ಚಿನಲ್ಲಿ ಬಿಕ್ಕಿಬಿಕ್ಕಿ ಅತ್ತಾಗ ಪಾದ್ರಿ ಅಯ್ಯನವರು ಪ್ರಸಂಗ ನಿಲ್ಲಿಸಿ, "ವಿಶ್ವಾಸಿಗಳು ಹೀಗೆ ಅಳಬಾರದಮ್ಮ, ಕರ್ತನಲ್ಲಿ ಆನಂದವಾಗಿರಬೇಕು" ಎಂದು ಎಲ್ಲರೆದುರು ಗದರಿದರು. ನಾನು ಹಲ್ಲು ಕಚ್ಚಿ ಕೂತಿದ್ದೆ.

ಇವತ್ತು ಸಂಜೆ ಹಿಂದಿನ ಬೀದಿಯ ಹಾಲಿನ ಮುನಿನಾರಾಯಣಮ್ಮ ಬಂದು ರೆಬೆಕ್ಕಳ ಪಕ್ಕ ಕೂತಳು.

"ನಿನ್ ಗಂಡ ಬಂದು ಕೀರ್ತನೆ ಆಡಿದ್ರೇನೇ ನಮ್ಮೆಮ್ಮೆ ಆಲು ಬಿಡ್ತಿತ್ತು ಕಣಮ್ಮ. ಈಗ ನಾನ್ ಆಡಿದ್ರೆ ಒದೀತದೆ!"

ರೆಬೆಕ್ಕ ಗೊಳ್ಳೆಂದು ನಕ್ಕುಬಿಟ್ಟಳು. ಪ್ರಾರ್ಥನೆಗೆಂದು ಬಂದ ಅಯ್ಯನವರು ಆಗಲೇ ಬಾಗಿಲಲ್ಲಿ ನಿಂತಿದ್ದರು.

"ಗಂಡ ಸತ್ತು ತಿಂಗಳಾಗಿಲ್ಲ, ಇದೇನಮ್ಮ ನಗು?"

"ಆನಂದವಾಗಿರು ಅಂದೋರು ನೀವೇ ಅಲ್ವಾ ಅಯ್ಯನೋರೇ? ಅದು ಮನೆಗೆ ಬಂದ್ರೆ ನಿಮಗೆ ಗುರುತೇ ಸಿಗಲಿಲ್ವಲ್ಲ!" ಎಂದುಬಿಟ್ಟೆ. ಅವರು ಪ್ರಾರ್ಥನೆ ಮಾಡದೆ ಹೊರಟುಹೋದರು. ಹೋಗಲಿ.

ಅಳು ನಿಂತ ಮೇಲೆ ಬರುವುದೇ ಆನಂದವೆಂದು ಇವರಿಗೆ ಕಲಿಸಿದವರು ಯಾರು? ಸಮಾಧಿಯ ಮುಂದೆ ಅಳುತ್ತ ನಿಂತ ಹೆಂಗಸಿಗೇ ಅಲ್ಲವೇ ಕರ್ತನು ಸಾವಿನಿಂದ ಎದ್ದುಬಂದು ಮೊದಲು ಕಾಣಿಸಿಕೊಂಡದ್ದು?

ಆಮೇಲೆ ರೆಬೆಕ್ಕ ಮುನಿನಾರಾಯಣಮ್ಮನ ಮಡಿಲಲ್ಲಿ ಮುಖವಿಟ್ಟು ತುಂಬ ಹೊತ್ತು ಅತ್ತಳು. ಅಳುತ್ತಲೇ ತಲೆಯೆತ್ತಿ, "ನಿಜವಾಗ್ಲೂ ಒದೀತದಾ?" ಎಂದು ಕೇಳಿ ಮತ್ತೆ ನಕ್ಕಳು.

ನಾಡಿದ್ದು ಭಾನುವಾರ ಇವಳನ್ನು ಮೊದಲ ಸಾಲಿನಲ್ಲೇ ಕೂರಿಸುತ್ತೇನೆ. ಅಳಲಿ, ನಗಲಿ, ಎರಡನ್ನೂ ಒಟ್ಟಿಗೇ ಮಾಡಲಿ. ಯಾರಾದರೂ ಬಾಯಿ ತೆರೆದರೆ ನಾನು ಈ ಸಲ ಹಲ್ಲು ಕಚ್ಚಿ ಕೂರುವುದಿಲ್ಲ.